ಪಕ್ಷ, ಪ್ರತಿಪಕ್ಷ ಮತ್ತು ಚಿಂಚೋಳಿಯ ವೀರೇಂದ್ರ ಪಾಟೀಲರು

‘ಪಕ್ಷ’ ಎಂಬ ಶಬ್ದಕ್ಕೆ ರೆಕ್ಕೆ ಎಂಬ ಅರ್ಥ ಉಂಟು; ತಿಂಗಳಿನ ಅರ್ಧ ಎಂಬ ಅರ್ಥವೂ ಉಂಟು. ನಮ್ಮ ಶಾಸ್ತ್ರಕಾರರಿಗೆ ಅದು ವಾದದ ಒಂದು ಬದಿ. ಅವರ ಪದ್ಧತಿಯಲ್ಲಿ ತನ್ನ ಸಿದ್ಧಾಂತವನ್ನು ಸ್ಥಾಪಿಸಹೊರಟವನು ಮೊದಲು ಎದುರಾಳಿಯ ಮಾತನ್ನು, ಅಂದರೆ ಪೂರ್ವಪಕ್ಷವನ್ನು, ಹೇಳಿ ಮುಗಿಸಬೇಕು. ಇಂದಿನ ರಾಜಕೀಯವು ಶಾಸ್ತ್ರದಿಂದ ಶಬ್ದವನ್ನು ಎರವಲು ಪಡೆಯಿತು. ಪದ್ಧತಿಯನ್ನು ಪಡೆಯಲು ಮರೆಯಿತು. ಆದ್ದರಿಂದಲೇ ಪಕ್ಷ ಎಂದೊಡನೆ ನಮಗೆ ನೆನಪಾಗುವುದು ಕಚ್ಚಾಟ.

ಅಮೆರಿಕದ ಅಧ್ಯಕ್ಷ ಪದವಿಯ ಸುತ್ತ ನಡೆಯುವ ಕಚ್ಚಾಟವನ್ನು ಕಂಡು ಇದೊಂದು ಹೊಸ ರೋಗವೆಂದು ಭಾವಿಸುವವರಿದ್ದಾರೆ. ರೋಗ ಆ ಗಣರಾಜ್ಯದಷ್ಟೇ ಹಳೆಯದು. ಮೊದಲ ಅಧ್ಯಕ್ಷ ವಾಷಿಂಗ್ಟನ್ 1796ರಲ್ಲಿ ವಿದಾಯ ಹೇಳುವಾಗಲೇ ಪಕ್ಷಾಭಿಮಾನದ ಕೇಡನ್ನು ಕುರಿತು ದೇಶವನ್ನು ಎಚ್ಚರಿಸಿದ್ದರು. ಎರಡೇ ವರ್ಷಗಳಲ್ಲಿ ಸರಕಾರದ ನಿಂದೆಯನ್ನು ಶಿಕ್ಷಿಸುವ ಕಾಯಿದೆ ಬಂದಿತು. ಅಧ್ಯಕ್ಷ ಆಡಮ್ಸ್ ಅವರನ್ನು ಟೀಕಿಸಿ ಬರೆದ ಮ್ಯಾಥ್ಯೂ ಲಯನ್ ಎಂಬ ಶಾಸನಸಭಾ ಸದಸ್ಯ ಸೆರೆಮನೆ ಸೇರಿದನು. ಮತದಾರರು ಸೆರೆಯಲ್ಲಿದ್ದವನನ್ನೇ ಮತ್ತೆ ಆರಿಸಿದರು. 1800ರ ಚುನಾವಣೆಯಲ್ಲಿ ಜೆಫರ್ಸನ್ ಮತ್ತು ಬರ್ ಇಬ್ಬರಿಗೂ 73 ಮತಗಳು ಬಂದು, ಪ್ರತಿನಿಧಿ ಸಭೆ 36 ಸುತ್ತು ಮತ ಹಾಕಿದ ಮೇಲೆ ಜೆಫರ್ಸನ್ ಗೆದ್ದರು. ಸೋತ ಆಡಮ್ಸ್ ಹೊಸ ಅಧ್ಯಕ್ಷರ ಪ್ರಮಾಣವಚನಕ್ಕೆ ನಿಲ್ಲದೆ, 1801ರ ಮಾರ್ಚ್ 4ರ ನಸುಕಿನಲ್ಲಿ ರಾಜಧಾನಿಯಿಂದ ಹೊರಟುಹೋದರು. ಮುನಿಸಿಕೊಂಡೇ ಹೋದರು, ಆದರೆ ಹೋದರು. ಆ ಹೋಗುವಿಕೆಯ ಮೇಲೆ ಒಂದು ದೇಶದ ಸಂಪ್ರದಾಯ ನಿಂತಿತು. ಜಗಳದ ಕಾವಿಗಿಂತ, ಅದರ ತೀರ್ಪು ಎಲ್ಲಿ ಆಗುತ್ತದೆ, ಸೋತವನು ಅದಕ್ಕೆ ತಲೆಬಾಗುತ್ತಾನೆಯೇ ಎಂಬುದು ಮುಖ್ಯ.

ಈ ಮಾತನ್ನು ಒರೆಗೆ ಹಚ್ಚಲು ಕಲಬುರಗಿ ಜಿಲ್ಲೆಯ ಗಡಿಭಾಗದ ಚಿಂಚೋಳಿಗೆ ಬಂದರೆ ಸಾಕು. ಅಲ್ಲಿ 1924ರಲ್ಲಿ ಹುಟ್ಟಿದ ವೀರೇಂದ್ರ ಪಾಟೀಲರ ಬಾಳಿನಲ್ಲಿ ಇಂತಹ ಮೂರು ತೀರ್ಪುಗಳಿವೆ.

1968ರ ಮೇ ತಿಂಗಳಲ್ಲಿ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಮರುವರ್ಷ ನಮ್ಮಲ್ಲಿಯೂ ರಾಷ್ಟ್ರಪತಿಯ ಪದವಿಯೇ ಕಲಹದ ಕಣವಾಯಿತು. ಜಾಕಿರ್ ಹುಸೇನರು 1969ರ ಮೇ 3ರಂದು ತೀರಿಕೊಂಡರು. ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಮುಖಂಡರು ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿದರು. ಆಗ ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಪ್ರಧಾನಿ ಇಂದಿರಾ ಗಾಂಧಿಯವರು ಕೊನೆಗೆ ಆತ್ಮಸಾಕ್ಷಿಯ ಮತಕ್ಕೆ ಕರೆಕೊಟ್ಟರು. ಸ್ವತಂತ್ರ ಅಭ್ಯರ್ಥಿ ವಿ.ವಿ. ಗಿರಿಯವರು ಎರಡನೆಯ ಪ್ರಾಶಸ್ತ್ಯದ ಮತಗಳ ಎಣಿಕೆಯಲ್ಲಿ 4,20,077 ಮತಮೌಲ್ಯ ಪಡೆದು, 4,05,427 ಪಡೆದ ರೆಡ್ಡಿಯವರನ್ನು ಸೋಲಿಸಿದರು. ನವೆಂಬರಿನಲ್ಲಿ ಇಂದಿರಾ ಅವರ ಉಚ್ಚಾಟನೆಯಾಯಿತು, ಮನೆ ಇಬ್ಭಾಗವಾಯಿತು. ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರೊಡನೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು.

ಮೊದಲ ತೀರ್ಪು 1971ರ ಮಾರ್ಚ್‌ನಲ್ಲಿ ಬಂದಿತು. ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಅವರ ಪಕ್ಷ ರಾಜ್ಯದ 27 ಸ್ಥಾನಗಳನ್ನೂ ಗೆದ್ದುಕೊಂಡಿತು. ಗಾಳಿ ಬಂದ ಕಡೆಗೆ ಶಾಸಕರು ತೂರಿಕೊಂಡರು. ಬಹುಮತ ಹೋಯಿತು, ಮಂತ್ರಿಮಂಡಲವೂ ಹೋಯಿತು. ಪಕ್ಷಾಂತರದ ಕಸ ಅದರಲ್ಲಿ ಬೆರೆತಿದ್ದರೂ ಅದರ ಹಿಂದೆ ಜನರ ಮತವಿತ್ತು.

ಎರಡನೆಯದು 1978ರ ನವೆಂಬರಿನ ಚಿಕ್ಕಮಗಳೂರು ಉಪಚುನಾವಣೆ. ಮತ್ತೆ ಲೋಕಸಭೆಗೆ ಬರಲು ಇಂದಿರಾ ಗಾಂಧಿಯವರು ಆರಿಸಿಕೊಂಡ ಆ ಮಲೆನಾಡಿನ ಕಣದಲ್ಲಿ ಜನತಾ ಪಕ್ಷದ ಅಭ್ಯರ್ಥಿಯಾಗಿ ನಿಂತವರು ಬಯಲುಸೀಮೆಯ ಪಾಟೀಲರು. ಸುಮಾರು 77,000 ಮತಗಳಿಂದ ಅವರು ಸೋತರು. ಆದರೆ ಆ ತೀರ್ಪು ದೆಹಲಿಯಲ್ಲಿ ಅಧಿಕಾರದಲ್ಲಿದ್ದವರಿಗೆ ಜೀರ್ಣವಾಗಲಿಲ್ಲ. ಡಿಸೆಂಬರಿನಲ್ಲಿ ಲೋಕಸಭೆಯು ತನ್ನ ಬಹುಮತದ ಬಲದಿಂದ ಗೆದ್ದವರನ್ನು ಹೊರಹಾಕಿ ಸೆರೆಮನೆಗೆ ಕಳಿಸಿತು. 1980ರಲ್ಲಿ ಅವರು ಪ್ರಧಾನಿಯಾಗಿಯೇ ಮರಳಿದರು. ಪಾಟೀಲರು ಆ ಹೊತ್ತಿಗೆ ಅವರ ಪಕ್ಷಕ್ಕೆ ಸೇರಿ ಬಾಗಲಕೋಟೆಯಿಂದ ಗೆದ್ದು, ಕೇಂದ್ರದಲ್ಲಿ ಅವರದೇ ಸಂಪುಟದ ಮಂತ್ರಿಯಾದರು. ಅವಕಾಶವಾದವೆಂದವರುಂಟು, ಔದಾರ್ಯವೆಂದವರೂ ಉಂಟು. ಎದುರಾಳಿಯನ್ನು ಶತ್ರುವೆಂದು ಎಣಿಸದ ರಾಜಕೀಯದಲ್ಲಿ ಮಾತ್ರ ಇಂತಹ ಪ್ರಶ್ನೆ ಏಳುವುದು ಸಾಧ್ಯ.

ಮೂರನೆಯ ತೀರ್ಪೇ ಕಹಿಯಾದದ್ದು. 1989ರ ಚುನಾವಣೆಯಲ್ಲಿ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನಗಳನ್ನು ಗೆದ್ದಿತು. ಚಿಂಚೋಳಿಯ ಶಾಸಕರು ಎರಡನೆಯ ಬಾರಿ ಮುಖ್ಯಮಂತ್ರಿಯಾದರು. ಮರುವರ್ಷ ಅವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದರು; ರಾಜ್ಯದಲ್ಲಿ ಕೋಮುಗಲಭೆಗಳಾದವು. 1990ರ ಅಕ್ಟೋಬರಿನಲ್ಲಿ ಪಕ್ಷದ ಅಧ್ಯಕ್ಷ ರಾಜೀವ್ ಗಾಂಧಿಯವರು ಬಂದು ನೋಡಿಕೊಂಡು ಹೋಗುವಾಗ, ಮುಖ್ಯಮಂತ್ರಿಯ ಬದಲಾವಣೆಯನ್ನು ವಿಮಾನ ನಿಲ್ದಾಣದಲ್ಲಿ ಪ್ರಕಟಿಸಿದರು. ಅಕ್ಟೋಬರ್ 10ರಂದು ರಾಷ್ಟ್ರಪತಿ ಆಳ್ವಿಕೆ ಬಂದಿತು, 17ರಂದು ಬಂಗಾರಪ್ಪನವರು ಅಧಿಕಾರ ವಹಿಸಿಕೊಂಡರು. ಈ ಸಲ ಪಾಟೀಲರು ಯಾರಿಗೂ ಸೋತಿರಲಿಲ್ಲ. ಅವರನ್ನು ಆರಿಸಿದ ಚಿಂಚೋಳಿಯಾಗಲಿ, ನಾಯಕನನ್ನಾಗಿ ಒಪ್ಪಿದ ಶಾಸಕರಾಗಲಿ ಮತ ಹಾಕಿ ಕೊಟ್ಟ ತೀರ್ಪು ಇದಾಗಿರಲಿಲ್ಲ. 1994ರಲ್ಲಿ ಅದೇ ಪಕ್ಷಕ್ಕೆ ದಕ್ಕಿದ್ದು 34 ಸ್ಥಾನ. ಕಾರಣಗಳು ಹಲವಿರಬಹುದು; ಆ ವಿಮಾನ ನಿಲ್ದಾಣವನ್ನು ಮಾತ್ರ ನಮ್ಮ ಕಡೆಯ ಜನ ಮರೆತಿಲ್ಲ.

ಅಮೆರಿಕಕ್ಕೂ ಇಂತಹ ಪರೀಕ್ಷೆ ಎದುರಾಯಿತು. 2000ದ ಚುನಾವಣೆಯಲ್ಲಿ ಫ್ಲಾರಿಡಾದ 537 ಮತಗಳ ಅಂತರದಿಂದ ಅಧ್ಯಕ್ಷ ಪದವಿ ಕಳೆದುಕೊಂಡ ಆಲ್ ಗೋರ್, ಉಪಾಧ್ಯಕ್ಷರಾಗಿ ಸಂಸತ್ತಿನ ಪೀಠದಲ್ಲಿ ಕುಳಿತು ತಮ್ಮ ಸೋಲನ್ನು ತಾವೇ ಘೋಷಿಸಿದರು. 2021ರ ಜನವರಿ 6ರಂದು ಸೋತ ಡೊನಾಲ್ಡ್ ಟ್ರಂಪ್ ಸೋಲನ್ನು ಒಪ್ಪಲಿಲ್ಲ. ಅವರ ಬೆಂಬಲಿಗರ ಗುಂಪು ಸಂಸತ್ ಭವನಕ್ಕೆ ನುಗ್ಗಿತು. ನಾಲ್ಕು ವರ್ಷಗಳ ನಂತರ ಅದೇ ದಿನ, ಅದೇ ಭವನದಲ್ಲಿ, ಅದೇ ಟ್ರಂಪ್ ಅವರಿಗೆ ಸೋತ ಕಮಲಾ ಹ್ಯಾರಿಸ್ ಎಣಿಕೆಯ ಅಧ್ಯಕ್ಷತೆ ವಹಿಸಿ ಎದುರಾಳಿಯ ಗೆಲುವನ್ನು ಓದಿ ಹೇಳಿದರು. ಜಗಳ ಮೂರು ಸಲವೂ ತೀವ್ರವೇ ಆಗಿತ್ತು. ದೇಶ ಬೆದರಿದ್ದು ಒಮ್ಮೆ ಮಾತ್ರ.

ನಮ್ಮ ಸೀಮೆಯಲ್ಲೂ ಕಣ ತಣ್ಣಗಾಗಿಲ್ಲ. ಚಿತ್ತಾಪುರವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದ ಮಲ್ಲಿಕಾರ್ಜುನ ಖರ್ಗೆಯವರು 2019ರ ಲೋಕಸಭಾ ಚುನಾವಣೆಯಲ್ಲಿ, ತಮ್ಮದೇ ಪಕ್ಷದಿಂದ ಚಿಂಚೋಳಿಯ ಶಾಸಕರಾಗಿದ್ದು ಬಿಜೆಪಿಗೆ ಹೋದ ಉಮೇಶ ಜಾಧವರಿಗೆ ಸೋತರು. ಸೇಡಂ, ಚಿತ್ತಾಪುರಗಳ ಮತದಾರರು ಅದನ್ನು ತೀರ್ಮಾನಿಸಿದವರಲ್ಲಿ ಸೇರಿದ್ದರು. 2022ರ ಅಕ್ಟೋಬರಿನಲ್ಲಿ ಖರ್ಗೆಯವರು ಕಾಂಗ್ರೆಸ್ ಅಧ್ಯಕ್ಷರಾದರು. ಆಗಲೂ ಮತಪೆಟ್ಟಿಗೆ ಇತ್ತು. ಅವರಿಗೆ 7,897, ಶಶಿ ತರೂರರಿಗೆ 1,072. 2024ರಲ್ಲಿ ಕ್ಷೇತ್ರ ಮತ್ತೆ ಕಾಂಗ್ರೆಸ್ಸಿಗೆ ಒಲಿಯಿತು. ಕೊಡುವ ಕೈಯೂ ಕಸಿಯುವ ಕೈಯೂ ಮತದಾರರದೇ ಆಗಿದ್ದಾಗ ಸೋಲಿಗೂ ಒಂದು ಮರ್ಯಾದೆ ಇರುತ್ತದೆ.

ವಾಡಿ ಜಂಕ್ಷನ್ನಿನಲ್ಲಿ ಮದರಾಸಿನ ದಾರಿ, ಹೈದರಾಬಾದಿನ ದಾರಿ ಬೇರೆಯಾಗುತ್ತವೆ, ನಿಲ್ದಾಣ ಒಂದೇ. ಅಲ್ಲಿಂದ ದೂರವಲ್ಲದ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ, ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನವಿತ್ತು. ಆ ಆಸ್ಥಾನದ ‘ಕವಿರಾಜಮಾರ್ಗ’ವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸಬಲ್ಲ ಶಕ್ತಿಯೇ ನಿಜವಾದ ಸಂಪತ್ತೆಂದು ಸಾರಿತು. ಸಹಿಸುವುದೆಂದರೆ ವಾದವನ್ನು ಬಿಡುವುದಲ್ಲ. ತೀರ್ಪನ್ನು ಬಯಲಿನಲ್ಲಿ ಕೊಡುವುದು, ಸೋತವನಿಗೆ ಮತ್ತೆ ಬರುವ ದಾರಿಯನ್ನು ಉಳಿಸುವುದು. ವಾಷಿಂಗ್ಟನ್ನಿಗೂ ಚಿಂಚೋಳಿಗೂ ಆ ಸಂಪತ್ತನ್ನು ಪ್ರತಿ ಚುನಾವಣೆಯಲ್ಲೂ ಹೊಸದಾಗಿ ದುಡಿದುಕೊಳ್ಳಬೇಕಾಗಿದೆ.