ಅವ್ವನ ಹೆಬ್ಬೆಟ್ಟು

ಊರಿನ ಇತಿಹಾಸದ ಬಗ್ಗೆ ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಪಂಚಾಯಿತಿಯ ನಡಾವಳಿ ಪುಸ್ತಕ.

ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ಇಡೀ ದೇಶಕ್ಕೆ ಬರುವ ಮೊದಲೇ ಕರ್ನಾಟಕದಲ್ಲಿ ಬಂದಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಮುತುವರ್ಜಿಯಿಂದ ಬಂದ 1983ರ ಕಾಯ್ದೆಯು ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಶೇ. 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ದೇಶದೆಲ್ಲೆಡೆ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದಾಯಿತು. ಆ ವರ್ಷದ ಡಿಸೆಂಬರಿನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಅವ್ವ ಗೆದ್ದಳು.

ಗೆದ್ದವಳು ಅವ್ವ, ಸಭೆಗೆ ಹೋದವನು ನಾನು. ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದೇ ನನ್ನ ಅರ್ಹತೆ. ಪುಸ್ತಕ ಮನೆಗೆ ತಂದು ಒಲೆಯ ಮುಂದೆ ಹಿಡಿದರೆ ಅವಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಊರಲ್ಲಿ ಯಾರೂ ಅದನ್ನು ತಪ್ಪೆನ್ನಲಿಲ್ಲ. ನನಗೂ ಹಾಗನ್ನಿಸಲಿಲ್ಲ.

ಒಂದು ಸಂಜೆ ಅವಳು ಕೇಳಿದಳು: "ಇದರಾಗೆ ಏನ್ ಬರೆದೈತಪ್ಪ?"

"ಬಸ್ ನಿಲ್ದಾಣದ ಹತ್ರ ಮಳಿಗೆ ಕಟ್ಟೋ ಠರಾವು."

"ಇಸ್ಕೂಲಿನ ನೀರಿಂದು?"

ಆಗ ಶಾಲೆಯಲ್ಲಿ ನೀರಿರಲಿಲ್ಲ, ಶೌಚಾಲಯವೂ ಇರಲಿಲ್ಲ. ನನ್ನ ತಂಗಿ, ಅವಳ ಗೆಳತಿಯರು ಸಂಜೆಯವರೆಗೆ ಹನಿ ನೀರು ಕುಡಿಯದೆ ಕೂರುತ್ತಿದ್ದರಂತೆ. ಅದೇ ಕೊಠಡಿಗಳಲ್ಲಿ ಮೂರು ವರ್ಷ ಓದಿದ ನನಗೆ ಹುಡುಗಿಯರ ಈ ಕಷ್ಟ ಗೊತ್ತೇ ಇರಲಿಲ್ಲ.

ಮುಂದಿನ ಸಭೆಗೆ ಅವ್ವನೇ ಹೋದಳು. ನಾನು ಹೊರಗೆ ಜಗಲಿಯ ಮೇಲೆ ಕುಳಿತೆ. ಮೂರು ಸಭೆಗಳಲ್ಲಿ ಅವಳ ಮಾತು ನಡೆಯಲಿಲ್ಲ. ನಾಲ್ಕನೆಯದರಲ್ಲಿ ಇನ್ನಿಬ್ಬರು ಸದಸ್ಯೆಯರು ದನಿಗೂಡಿಸಿದರು. ಶಾಲೆಯ ಅಂಗಳಕ್ಕೆ ನಲ್ಲಿ ಬಂತು. ಶೌಚಾಲಯ ಮಾತ್ರ ಅವಳ ಅವಧಿಯಲ್ಲಿ ಆಗಲಿಲ್ಲ.

ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳ ಬಗ್ಗೆ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಷ್ಟೋ ವರ್ಷಗಳ ಮೇಲೆ ಓದಿದೆ. ಮಹಿಳೆಯರಿಗೆ ಮೀಸಲಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ನಮ್ಮ ಶಾಲೆಯ ನಲ್ಲಿ ನೆನಪಾಯಿತು.

ಮೀಸಲಾತಿ ಸರದಿಯಂತೆ ಬದಲಾಗುತ್ತದೆ. ಮುಂದಿನ ಚುನಾವಣೆಗೆ ನಮ್ಮ ಕ್ಷೇತ್ರ ಸಾಮಾನ್ಯವಾಯಿತು. "ನೀನೇ ನಿಲ್ಲವ್ವ" ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

2010ರ ತಿದ್ದುಪಡಿಯಿಂದ ನಮ್ಮ ಪಂಚಾಯಿತಿಗಳಲ್ಲಿ ಮಹಿಳೆಯರ ಪಾಲು ಅರ್ಧಕ್ಕೇರಿತು. ಮೀಸಲಾತಿ ಇಲ್ಲದ ವಿಧಾನಸಭೆಗೆ 2023ರಲ್ಲಿ 224 ಸ್ಥಾನಗಳ ಪೈಕಿ ಗೆದ್ದುಬಂದ ಮಹಿಳೆಯರು 10 ಮಂದಿ ಮಾತ್ರ. ಅದೇ ವರ್ಷ ಸಂಸತ್ತು 106ನೇ ತಿದ್ದುಪಡಿಯ ಮೂಲಕ ಅಲ್ಲಿಗೂ ಮೂರನೇ ಒಂದು ಭಾಗವನ್ನು ಒಪ್ಪಿತು.

ಈ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ಮುಂದೆಯೂ ಸದಸ್ಯೆಯರು, ಅಧ್ಯಕ್ಷೆಯರು ಆಗುತ್ತಾರೆ. ಅವರ ಗಂಡಂದಿರಲ್ಲಿ, ಮಕ್ಕಳಲ್ಲಿ ನನ್ನದೊಂದೇ ವಿನಂತಿ: ಸಭೆಗೆ ಅವರೇ ಹೋಗಲಿ. ನೀವು ಜಗಲಿಯ ಮೇಲೆ ಕುಳಿತಿರಿ.