ಕೈಗೆ ಕೆಲಸ, ಕಿವಿಗೆ ದನಿ: ವಿಜಯಪುರ ಸೀಮೆಯ ಕೇಳ್ಮೆಯ ಕಥೆ

ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿದ ಸಿದ್ಧೇಶ್ವರ ಸ್ವಾಮೀಜಿ ಬೆಳಗಿನ ಪ್ರವಚನಕ್ಕೆ ಕೂತರೆ ಸಾವಿರಾರು ಜನ ಸದ್ದಿಲ್ಲದೆ ಆಲಿಸುತ್ತಿದ್ದರು. 2023ರ ಜನವರಿ 2ರಂದು ಅವರು ದೇಹ ಬಿಟ್ಟರೂ ಆ ದನಿ ಮೊಬೈಲಿನಲ್ಲಿ ಉಳಿದಿದೆ. ಈಗ ಅದನ್ನು ಕೇಳಲು ಬಯಲಿನಲ್ಲಿ ಸೇರಬೇಕಿಲ್ಲ, ಕಿವಿಗೊಂದು ಸಾಧನ ಸಾಕು. ಸಾವಿರ, ಎರಡು ಸಾವಿರ ರೂಪಾಯಿಯೊಳಗೆ ಕಿವಿ ಮುಚ್ಚುವ ಹೆಡ್‌ಫೋನ್ ಒಳ್ಳೆಯದೋ, ಇಯರ್‌ಬಡ್ಸ್ ಒಳ್ಳೆಯದೋ ಎಂಬ ಪ್ರಶ್ನೆ ಬಬಲೇಶ್ವರ, ತಿಕೋಟಾದ ಮೊಬೈಲ್ ಅಂಗಡಿಗೂ ಬಂದಿರುವುದು ಹೀಗೆ. ಉತ್ತರ ಹುಡುಕುವ ಮೊದಲು ಈ ಸೀಮೆ ಹೇಗೆಲ್ಲ ಕೇಳುತ್ತ ಬಂದಿದೆ ಎಂಬುದನ್ನು ನೋಡಬೇಕು.

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಅಥಣಿ ರಸ್ತೆಯಲ್ಲಿ ತೊರವಿ ಸಿಗುತ್ತದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಅದರ ಬಳಿಯೇ ಸಂಗೀತಕ್ಕೆಂದು ನವರಸಪುರ ಕಟ್ಟಲು ತೊಡಗಿದ. ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟು ಅಕ್ಕರೆ ತೋರಿದ ದೊರೆ ಆತ. 1624ರಲ್ಲಿ ನೆರೆರಾಜ್ಯದ ಸೇನಾನಿ ಮಲಿಕ್ ಅಂಬರನ ದಾಳಿಗೆ ಆ ಪಟ್ಟಣ ಹಾಳಾಯಿತು. ಇಬ್ರಾಹಿಮನ ಮಗ ಮುಹಮ್ಮದ್ ಆದಿಲ್‌ಶಾಹನ ಗೋರಿಯಾದ ಗೋಳಗುಮ್ಮಟ ಮಾತ್ರ ಇಂದಿಗೂ ದನಿ ಕೊಡುತ್ತಿದೆ. ಅದರ ಪಿಸುಗುಟ್ಟುವ ಗ್ಯಾಲರಿಯ ಒಂದು ಬದಿಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು, ಸುಮಾರು 38 ಮೀಟರ್ ಆಚೆಯ ಇನ್ನೊಂದು ಬದಿಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ದನಿಯ ಅಲೆ ಬಾಗಿದ ಗೋಡೆಗುಂಟ ಸಾಗುವುದೇ ಇದಕ್ಕೆ ಕಾರಣ.

ಅರಮನೆಯ ಆಚೆಗೆ, ಹೊಲದ ಕಣದಲ್ಲಿ ಕೇಳುವುದೆಂದರೆ ದುಡಿಮೆಯ ಭಾಗವೇ ಆಗಿತ್ತು. ರಾಶಿಯ ಇರುಳು ಎತ್ತುಗಳು ಕಣದ ನಡುಗಂಬವಾದ ಮೇಟಿಯ ಸುತ್ತ ತಿರುಗುವಾಗ ಹಂತಿ ಪದ ನಡೆಯುತ್ತಿತ್ತು. ಒಬ್ಬ ಎತ್ತಿಕೊಟ್ಟ ಪದವನ್ನು ಉಳಿದವರು ಹಿಡಿಯುತ್ತಿದ್ದರು. ನಿದ್ದೆ ದೂರವಾಗುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ.

ಯಂತ್ರದ ದನಿ ಬಂದದ್ದು ಗ್ರಾಮಾಫೋನಿನೊಂದಿಗೆ. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಉತ್ತರ ಕರ್ನಾಟಕದ ಮಾತು, ಹಾಡು, ಬೇಸಾಯದ ಸಲಹೆ ಊರೂರಿಗೆ ಬಂದವು. ಆಗ ರೇಡಿಯೊ ಇಡಲು ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಇದ್ದವರ ಮನೆಯ ಪೆಟ್ಟಿಗೆಗೆ ಓಣಿಯವರೂ ಕಿವಿಗೊಡುತ್ತಿದ್ದರು. ಟ್ರಾನ್ಸಿಸ್ಟರ್ ಬಂದಾಗ ರೇಡಿಯೊ ಕಟ್ಟೆಯಿಂದಿಳಿದು ಹೊಲಕ್ಕೆ ನಡೆಯಿತು. ಬಳಿಕ ಬಂದ ಕ್ಯಾಸೆಟ್, ಬೇಕೆಂದಾಗ ಬೇಕಾದ ಪದ ಕೇಳುವ ಅನುಕೂಲ ತಂದಿತು.

ಹೆಡ್‌ಫೋನಿನ ಹುಟ್ಟು ಬೇರೆಡೆ. ಅಮೆರಿಕದ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ತಾನು ಮಾಡಿದ ಜೋಡಿ ಕಿವಿಸಾಧನವನ್ನು ನೌಕಾಪಡೆಗೆ ಒದಗಿಸಿದ. ನಿಸ್ತಂತು ಸಂದೇಶ ಕೇಳಲು ಅದು ಬಳಕೆಯಾಯಿತು. ಜಾನ್ ಕಾಸ್ 1958ರಲ್ಲಿ ಅದನ್ನು ಸ್ಟೀರಿಯೊ ಸಂಗೀತಕ್ಕೆ ಒಗ್ಗಿಸಿದ. 1979ರ ಸೋನಿ ವಾಕ್‌ಮನ್ ಅದನ್ನು ಹಗುರ ಮಾಡಿ ಬೀದಿಗೆ ತಂದಿತು. 2016ರಲ್ಲಿ ಮೂರು ಸಂಗತಿ ಒಟ್ಟಿಗೆ ಘಟಿಸಿದವು: ಆಪಲ್ ತನ್ನ ಹೊಸ ಐಫೋನಿನ ಹೆಡ್‌ಫೋನ್ ರಂಧ್ರ ತೆಗೆದುಹಾಕಿತು, ತಂತಿಯಿಲ್ಲದ ಏರ್‌ಪಾಡ್ಸ್ ಮಾರುಕಟ್ಟೆಗೆ ಬಂದವು, ಭಾರತದಲ್ಲಿ ಜಿಯೊ ಅಗ್ಗದ ಇಂಟರ್ನೆಟ್ ಕೊಟ್ಟಿತು. ಮುಂದಿನ ವರ್ಷಗಳಲ್ಲಿ ಬೋಟ್, ನಾಯ್ಸ್‌ನಂಥ ದೇಶೀ ಕಂಪನಿಗಳು ಇದನ್ನು ಸಾಮಾನ್ಯರ ಕೈಗೆಟುಕುವ ಬೆಲೆಗೆ ಇಳಿಸಿದವು.

ಹಾಗಾದರೆ ಹೆಡ್‌ಫೋನೋ, ಇಯರ್‌ಬಡ್ಸೋ? ಕೆಲಸವನ್ನೇ ಕೇಳಿ ನೋಡಬೇಕು. ದ್ರಾಕ್ಷಿ ಚಾಟ್ನಿ (ಬಳ್ಳಿ ಸವರುವ ಕೆಲಸ) ಮಾಡುವವರಿಗೆ, ಒಣದ್ರಾಕ್ಷಿ ಶೆಡ್ಡಿನಲ್ಲಿ ದುಡಿಯುವವರಿಗೆ ಇಯರ್‌ಬಡ್ಸೇ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ನೆಲದಲ್ಲಿ ಹೆಡ್‌ಫೋನಿನ ರೆಕ್ಸಿನ್ ಮೆತ್ತೆ ಕಿವಿಯನ್ನು ಬೆವರಿನಲ್ಲಿ ನೆನೆಸುತ್ತದೆ, ತಲೆಗೆ ಸುತ್ತಿದ ವಸ್ತ್ರದ ಮೇಲೆ ಪಟ್ಟಿ ಕೂಡುವುದಿಲ್ಲ. ಒಂದೇ ಬಡ್ ಹಾಕಿಕೊಂಡರೆ ಪಕ್ಕದವರು ಕರೆದದ್ದೂ, ಟ್ರ್ಯಾಕ್ಟರ್ ಬಂದದ್ದೂ ತಿಳಿಯುತ್ತದೆ. ಬೈಕ್ ಹತ್ತುವಾಗ ಮಾತ್ರ ಎರಡೂ ಬೇಡ.

ನಗರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಅಗತ್ಯ ಬೇರೆ. ಗಂಟೆಗಟ್ಟಲೆ ಪಾಠ ಕೇಳುವ ಅವರಿಗೆ ಹೆಡ್‌ಫೋನ್ ಮೇಲು. ಅದರ ದೊಡ್ಡ ಬ್ಯಾಟರಿ ಬೇಗ ಇಳಿಯುವುದಿಲ್ಲ, ಅನೇಕ ಮಾದರಿಗಳಲ್ಲಿ ಅದು ಖಾಲಿಯಾದರೂ ತಂತಿ ಸಿಕ್ಕಿಸಿ ಕೇಳಬಹುದು, ಹರಿದ ಮೆತ್ತೆ ಬದಲಿಸಬಹುದು. ಇಯರ್‌ಬಡ್ಸಿನ ಪುಟ್ಟ ಬ್ಯಾಟರಿ ಸವೆದ ಮೇಲೆ ರಿಪೇರಿ ಹೆಚ್ಚುಕಡಿಮೆ ಅಸಾಧ್ಯ. ರೇಡಿಯೊ, ಟೇಪ್ ಬಿಚ್ಚಿ ಬೆಸುಗೆ ಹಾಕಿ ಮತ್ತೆ ಹಾಡಿಸುತ್ತಿದ್ದ ಕುಶಲಿಗರಿಗೆ ಇಲ್ಲಿ ಕೆಲಸವೇ ಉಳಿದಿಲ್ಲ. ಇದು ದೊಡ್ಡ ನಷ್ಟ. ಕೊಳ್ಳುವವರು ಬೆಲೆಯೊಡನೆ ಇದನ್ನೂ ಲೆಕ್ಕ ಹಿಡಿಯಬೇಕು.

ಅಗ್ಗದ ಸಾಧನಗಳಲ್ಲಿ ಹಲವು ಡಿಜೆ ಹಾಡಿಗೆ ಒಗ್ಗುವಂತೆ ಬಾಸ್ ಏರಿಸಿರುತ್ತವೆ. ಪ್ರವಚನ, ಪಾಠಕ್ಕೆ ಬೇಕಾದದ್ದು ನಡುವಿನ ಸ್ವರದ ಸ್ಪಷ್ಟತೆ. ಆದ್ದರಿಂದ ಅಂಗಡಿಯಲ್ಲಿ ಹಾಡಿನ ಬದಲು ಮಾತು ಹಾಕಿಸಿ ಪರೀಕ್ಷಿಸುವುದು ಲೇಸು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ 80 ಡೆಸಿಬಲ್ ದನಿಯಲ್ಲಿ ವಾರಕ್ಕೆ 40 ಗಂಟೆಯ ಮಿತಿ ಹೇಳಿದೆ. ದನಿ ಏರಿಸಿದಷ್ಟೂ ಈ ಅವಧಿ ಕಿರಿದಾಗುತ್ತದೆ, ಹೆಡ್‌ಫೋನಿಗೂ ಇಯರ್‌ಬಡ್ಸಿಗೂ ಲೆಕ್ಕ ಒಂದೇ.