ಬಂಡಿ ಗಾಲಿಯಿಂದ ಪಿಕಪ್ ಪಾಟಾದವರೆಗೆ

ಪಿಕಪ್ ಎತ್ತರ ಮಾಡಿಸೋದು ಈಗಿನ ಹುಡುಗರ ಶೋಕಿ ಅಂತ ಹಿರಿಯರು ಬೈತಾರ. ಆದರ ಎತ್ತರದ ಚಿಂತಿ ಬಂಡಿ ಕಾಲದ್ದೇ. ಹಳೇ ಕಟ್ಟಿಗಿ ಬಂಡಿ ನೋಡ್ರಿ: ಗಾಲಿ ದೊಡ್ಡದು, ಅಚ್ಚು ನೆಲದಿಂದ ಮೇಲೆ. ಎರಿ ಮಣ್ಣಿನ ಕೆಸರಿನ್ಯಾಗ ಹೊಟ್ಟಿ ತಾಗಬಾರದು ಅನ್ನೋದೇ ಲೆಕ್ಕ. ಮುಂದೆ ಟೈರ್ ಬಂಡಿ ಬಂತು. ಎತ್ತಿಗೆ ಹಗುರಾತು, ಆದರ ಅಚ್ಚು ಕೆಳಗಿಳೀತು.

1982ರಲ್ಲಿ ನಾರಾಯಣಪುರ ಅಣೆಕಟ್ಟು ಆದಮೇಲೆ ಕಾಲುವೆ ನೀರು ಸುರಪುರ, ಶಹಾಪುರದ ಹೊಲಕ್ಕೆ ಬಂತು. ಭತ್ತ ಹೆಚ್ಚಾತು, ಮಳಿ ಇಲ್ಲದಾಗೂ ಹೊಲದ ಹಾದಿ ಹಸಿ. 1986ರಲ್ಲಿ ಟಾಟಾ 407, 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದವು. ಬಂಡಿ ಗಾಲಿ ಮುಂದ ಇವುಗಳ ಗಾಲಿ ಗಿಡ್ಡ. ಕಳಕೊಂಡ ಎತ್ತರಕ್ಕಾಗಿ ಹಿಂದಿನ ಪಾಟಾಕ್ಕೆ ಇನ್ನೊಂದು ಪಟ್ಟಿ ಸೇರಿಸೋರು ಹುಟ್ಟಿಕೊಂಡರು.

ಆದರ ಬಂಡಿಗೆ ವೇಗ ಇರಲಿಲ್ಲ. ಪಿಕಪ್ ಏರಿಸಿ, ಮೇಲೆ ಹತ್ತಿ ಅಂಡಿಗಿ ಹೇರಿ, ತಿರುವಿನ್ಯಾಗ ಜೋರು ಹೊಡೆದರ ಪಲ್ಟಿ. ಕೆಲವು ಗಾಡಿಗಳ ಹಿಂದಿನ ಬ್ರೇಕಿಗೆ ಭಾರ ನೋಡೋ ವಾಲ್ವ್ ಇರ್ತದ. ಹಿಂದೆ ಏರಿಸಿದರ ಅದು ಗಾಡಿ ಖಾಲಿ ಅಂತ ತಿಳಿದು ಬ್ರೇಕ್ ಕಮ್ಮಿ ಮಾಡ್ತದ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳ್ಯದ.

ಕುಸಿದ ಪಾಟಾ ಬದಲಿಸಿ ಮೊದಲಿನ ಎತ್ತರಕ್ಕೆ ತರೋದು ಬೇರೆ ಮಾತು, ಅದು ಬೇಕೇ ಬೇಕು. ಸಮ ನೆಲದ ಮ್ಯಾಲೆ ಖಾಲಿ ಗಾಡಿ ನಿಲ್ಲಿಸಿ, ಗಾಲಿ ನಡುವಿನಿಂದ ಮಡ್‌ಗಾರ್ಡ್ ಅಂಚಿನತನಕ ಎರಡೂ ಕಡೆ ಅಳೀರಿ. ಎಡ ಬಲ ಫರಕ್ ಬಂದರ ಹೇರು ಹಾಕೋ ಮೊದಲೇ ಪಾಟಾ ತೋರಿಸ್ರಿ.